ಇನ್ನೂರ ಹನ್ನೆರಡನೇ ಪುಟ

"ಇನ್ನೊಂದ್ಸಲ ಓದು," ಎಂದ ಕುಬಾಲ.

"ಎರಡು ಸಲ ಓದಾಯ್ತಲ್ಲ ಮಾರಾಯ. ಸೂಪು ಆರ್ತಾ ಇದೆ."

"ಓದು ಅಂದ್ರೆ ಓದು ಲೋಯಿಸ್. ನನ್ನ ಕಣ್ಣೇ ಮೋಸ ಮಾಡ್ತಿದೆಯೇನೋ ಅನ್ನಿಸ್ತಿದೆ."

ಲೋಯಿಸ್ ಗಂಡನ ಮುಖ ನೋಡಿದಳು. ಹೇಳಿ ಪ್ರಯೋಜನವಿಲ್ಲವೆಂದುಕೊಂಡು ಕನ್ನಡಕ ಏರಿಸಿ ನೆಲದ ಮೇಲಿದ್ದ ಪುಸ್ತಕವನ್ನು ಎತ್ತಿಕೊಂಡಳು. ಸ್ವಲ್ಪ ಹೊತ್ತಿನ ಹಿಂದೆ ಅದು ಅಡುಗೆಮನೆಯ ಫ್ರಿಜ್ಜಿಗೆ ಬಡಿದು ಬಿದ್ದಿತ್ತು. ಹೊದಿಕೆಯ ಮೇಲೆ ಕೆಂಪಕ್ಷರದಲ್ಲಿ 'ತಿದ್ದುಪಡಿಯಾಗದ ಪ್ರತಿ, ಮಾರಾಟಕ್ಕಲ್ಲ' ಎಂದಿತ್ತು. ವಿಮರ್ಶಕರ ಮನೆಗೆ ಪುಸ್ತಕಗಳು ಅಂಗಡಿಗೆ ಬರುವ ನಾಲ್ಕೈದು ತಿಂಗಳ ಮೊದಲೇ ಹೀಗೆ ತಪ್ಪುಗಳ ಸಮೇತ ಬಂದು ಬೀಳುತ್ತವೆ. ಇದು ಪಿಯಾನೋ ವಾದಕಿ ಮಾರ್ಗೋ ಹೆನ್‌ಶಾಳ ಆತ್ಮಕಥೆ.

ಲೋಯಿಸ್ ಇನ್ನೂರ ಹನ್ನೆರಡನೇ ಪುಟ ತೆಗೆದು ಓದಿದಳು. "ಆ ಭಾನುವಾರ ನನ್ನ ಪುಟ ಮಗುಚಲು ಕೂತಿದ್ದವನು ರೇ ಕುಬಾಲ. ಪತ್ರಿಕೆಯಲ್ಲಿ ಪುಸ್ತಕಗಳ ಬಗ್ಗೆ ಬರೆಯುವವನು. ಪಾಪ, ಅವನಿಗೆ ಸಂಗೀತವೆಂದರೆ ಪ್ರಾಣ, ಆದರೆ ಒಂದು ಸ್ವರವನ್ನೂ ಓದಲು ಬಾರದು. ನಾವು ಎಲ್ಲಿದ್ದೇವೆಂದು ತಿಳಿಯದೆ ನಡುವಿನಲ್ಲಿ ಪುಟಗಳನ್ನು ಹಿಂದಕ್ಕೆ ಮಗುಚಿಬಿಟ್ಟ. ನುಡಿಸುತ್ತಿದ್ದ ಮೂವರೂ ಮೂರು ದಾರಿ ಹಿಡಿದೆವು. ಐವತ್ತು ವರ್ಷಗಳಲ್ಲಿ ನಾನು ವೇದಿಕೆಯ ಮೇಲೆ ನುಡಿಸುವುದನ್ನು ನಿಲ್ಲಿಸಿದ್ದು ಅದೊಂದೇ ಸಲ."

"ಪಾಪ ಅಂತೆ," ಎಂದ ಕುಬಾಲ. "ಪಾಪ! ಆ ಪದಕ್ಕೆ ಬೆಂಕಿ ಹಾಕ."

"ಬೆಂಕಿ ಆಮೇಲೆ ಹಾಕು. ಮೊದಲು ಸೂಪು ಕುಡಿ."

ಅವನು ಕುಡಿಯಲಿಲ್ಲ. ಎದ್ದು ಕಿಟಕಿಯ ಬಳಿ ನಿಂತ. ಕೆಳಗಿನ ಬೀದಿಯಲ್ಲಿ ಯಾರೋ ತಮ್ಮ ಕಾರಿನ ಜಾಗ ಕಾಯಲು ಅಡುಗೆಮನೆಯ ಕುರ್ಚಿಯೊಂದನ್ನು ಇಟ್ಟು ಹೋಗಿದ್ದರು. ಪಿಟ್ಸ್‌ಬರ್ಗಿನಲ್ಲಿ ಆ ಕುರ್ಚಿಯನ್ನು ಮುಟ್ಟುವ ಗಂಡಸು ಇನ್ನೂ ಹುಟ್ಟಿಲ್ಲ. ಒಂದು ಕುರ್ಚಿಗಿರುವ ಮರ್ಯಾದೆಯೂ ತನಗಿಲ್ಲವೆಂದು ಅವನಿಗೆ ಮತ್ತಷ್ಟು ಮೈ ಉರಿಯಿತು.

ಒಂದು ಸ್ವರವನ್ನೂ ಓದಲು ಬಾರದವನು! ರೇಮಂಡ್ ಕುಬಾಲ ಉಕ್ಕಿನ ಕಾರ್ಖಾನೆಯ ಕೂಲಿಯ ಮಗ. ಅಪ್ಪನ ಕಿವಿ ಕಾರ್ಖಾನೆಯ ಸದ್ದಿಗೆ ಅರ್ಧ ಹೋಗಿದ್ದರಿಂದ ಶನಿವಾರ ಮಧ್ಯಾಹ್ನದ ರೇಡಿಯೋ ಸಂಗೀತ ಇಡೀ ಬೀದಿಗೆ ಕೇಳುವಷ್ಟು ಜೋರಾಗಿರುತ್ತಿತ್ತು. ಅಮ್ಮ ಗುಡಿಸಿ ಸಾರಿಸುತ್ತಿದ್ದ ಚರ್ಚಿನ ಸನ್ಯಾಸಿನಿಯೊಬ್ಬಳು ಹುಡುಗನಿಗೆ ಪಿಯಾನೋ ಕಲಿಸಿದಳು. ಎಂಟು ವರ್ಷಕ್ಕೆ ಅವನು ಕಥೆ ಪುಸ್ತಕಕ್ಕಿಂತ ಸರಾಗವಾಗಿ ಸ್ವರಲಿಪಿ ಓದುತ್ತಿದ್ದ. ಹತ್ತೊಂಬತ್ತಕ್ಕೆ ಸಂಗೀತ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಸೇರುವ ಮೊದಲಿನ ಬೇಸಿಗೆಯಲ್ಲಿ ನಾಲ್ಕು ಕಾಸು ಸಂಪಾದಿಸಲು ಅಪ್ಪನ ಕಾರ್ಖಾನೆಗೆ ಹೋದ. ಆಗಸ್ಟಿನಲ್ಲಿ ಉರುಳೆಯೊಂದು ಅವನ ಬಲಗೈಯ ನಡುಬೆರಳನ್ನೂ ಉಂಗುರ ಬೆರಳನ್ನೂ ತೆಗೆದುಕೊಂಡಿತು. ಆಮೇಲೆ ಸಾಹಿತ್ಯ ಓದಿದ, ಪತ್ರಿಕೆ ಸೇರಿದ. ಪ್ರತಿವಾರ ಯಾವುದಾದರೊಂದು ಪುಸ್ತಕದ ಸಿಪ್ಪೆ ಸುಲಿಯುವವನೆಂದು ಹೆಸರಾದ. ಈ ವಾರ ಯಾರಿಗೆ ಬಿತ್ತು ಎಂದು ನೋಡಲಿಕ್ಕೇ ಅವನ ಅಂಕಣ ಓದುವವರಿದ್ದರು.

ಮೂವತ್ತೆರಡನೇ ವಯಸ್ಸಿನಲ್ಲಿ ಗುಡ್ಡದ ಮೇಲಿನ ಲೂಥರನ್ ಚರ್ಚಿನ ಭಾನುವಾರದ ಸಂಗೀತ ಕಛೇರಿಯಲ್ಲಿ ಪುಟ ಮಗುಚುವವರು ಯಾರೂ ಸಿಗದೆ ಮಾರ್ಗೋ ಪರದಾಡುತ್ತಿದ್ದಾಗ ಇವನು ಎದ್ದು ಹೋದ. ಅಂದಿನಿಂದ ಮೂವತ್ತೊಂದು ವರ್ಷ, ತಿಂಗಳಿಗೊಂದು ಭಾನುವಾರ, ಅದೇ ಜಾಗ. ಪಿಯಾನೋದ ಎಡಕ್ಕೆ, ಸ್ವಲ್ಪ ಹಿಂದೆ, ಬೆನ್ನಿಲ್ಲದ ಒಂದು ಸ್ಟೂಲು. ಕೊನೆಯ ಸಾಲು ಬಂದಾಗ ಸದ್ದಿಲ್ಲದೆ ಏಳಬೇಕು. ಎಡಗೈ ಚಾಚಿ ಹಾಳೆಯ ಮೇಲಿನ ಮೂಲೆ ಹಿಡಿದು ಕಾಯಬೇಕು. ತಕ್ಕ ಗಳಿಗೆಯಲ್ಲಿ ಮಗುಚಿ, ನೆರಳೂ ಬೀಳದಂತೆ ಕೂರಬೇಕು. ಕಪ್ಪು ಅಂಗಿ ಹಾಕಬೇಕು, ತಲೆ ಆಡಿಸಬಾರದು, ಕಾಲಲ್ಲಿ ತಾಳ ಹಾಕಬಾರದು, ಚಪ್ಪಾಳೆ ಬಿದ್ದಾಗ ನಮಸ್ಕರಿಸಬಾರದು. ಪುಟ ಮಗುಚುವವನು ಅಲ್ಲಿದ್ದೂ ಇಲ್ಲದವನು. ಪತ್ರಿಕೆಯಲ್ಲಿ ಗುಡುಗುತ್ತಿದ್ದ ಕುಬಾಲ ಅಲ್ಲಿ ಮೂಕನಾಗಿರುತ್ತಿದ್ದ, ಮತ್ತು ಅಷ್ಟು ಸುಖವಾಗಿ ಇನ್ನೆಲ್ಲೂ ಇರುತ್ತಿರಲಿಲ್ಲ. ಕಳೆದುಹೋದ ಕೈಗೆ ಅಷ್ಟು ಹತ್ತಿರದ ಜಾಗ ಬೇರೆ ಎಲ್ಲಿತ್ತು?

ಹದಿನಾಲ್ಕು ವರ್ಷದ ಹಿಂದಿನ ಆ ಭಾನುವಾರ ನಡೆದದ್ದು ಇಷ್ಟೇ. ಪಿಯಾನೋ, ಪಿಟೀಲು, ಚೆಲ್ಲೋ ಮೂರೂ ಸೇರಿ ನುಡಿಸುವ ಕೃತಿ. ಮೊದಲ ಭಾಗದ ನಡುವೆ ಸ್ವರಲಿಪಿಯಲ್ಲಿ ಎರಡು ಚುಕ್ಕೆ ಬರುತ್ತವೆ. ಅವು ಬಂದಾಗ ಮೊದಲಿಗೆ ಹೋಗಿ ಮತ್ತೆ ನುಡಿಸಬೇಕು. ಹೊತ್ತು ಉಳಿಸಲು ಎಷ್ಟೋ ಜನ ಹಿಂದೆ ಹೋಗದೆ ಮುಂದಕ್ಕೇ ನಡೆದುಬಿಡುತ್ತಾರೆ. ಅದಕ್ಕೇ ಯಾವುದು ಎಂದು ಅಭ್ಯಾಸದಲ್ಲೇ ತೀರ್ಮಾನಿಸಿ ಗುರುತು ಹಾಕಿಕೊಳ್ಳುವುದು ರೂಢಿ. ಅಂದು ಹಿಂದೆ ಹೋಗುವುದೆಂದು ತೀರ್ಮಾನವಾಗಿತ್ತು. ಚುಕ್ಕೆ ಬಂದವು, ಕುಬಾಲ ಎರಡು ಹಾಳೆ ಹಿಂದಕ್ಕೆ ಮಗುಚಿದ. ಪಿಟೀಲೂ ಚೆಲ್ಲೋವೂ ಹಿಂದಕ್ಕೆ ಬಂದವು. ಮಾರ್ಗೋ ಮರೆತು ಮುಂದಕ್ಕೆ ಹೋದಳು. ನಾಲ್ಕು ಕ್ಷಣದಲ್ಲಿ ಎಲ್ಲ ಕಲಸಿಹೋಯಿತು. ಅವಳು ಕೈಯೆತ್ತಿ, ತಿರುಗಿ, ಮುನ್ನೂರು ಜನರೆದುರು ಕುಬಾಲನನ್ನು ದುರುಗುಟ್ಟಿ ನೋಡಿದಳು. ಗೂಬೆ ಅಲ್ಲಿಗೇ ಅವನ ತಲೆಯ ಮೇಲೆ ಕೂತಿತು.

ಅವನು ಬಾಯಿ ಬಿಡಲಿಲ್ಲ. ನುಡಿಸುವವರು ತಪ್ಪಿದರೆ ಅದು ಪುಟ ಮಗುಚುವವನ ತಪ್ಪು ಎನ್ನುವುದೂ ಆ ಸ್ಟೂಲಿನ ರೂಢಿಯೇ. ಸಂಗೀತಕ್ಕಾಗಿ ನುಂಗಿಕೊಂಡ. ಆದರೆ ಇದು ಪುಸ್ತಕ. ಪುಸ್ತಕದಲ್ಲಿ ಸುಳ್ಳು ಕಂಡರೆ ಸುಮ್ಮನಿರಲು ಅವನು ಯಾವ ಜನ್ಮದಲ್ಲೂ ಕಲಿತಿರಲಿಲ್ಲ.

ಪುಸ್ತಕವನ್ನು ಫ್ರಿಜ್ಜಿಗೆಸೆದ ಮರುದಿನ ಅವನು ಪತ್ರಿಕೆಯ ಕಚೇರಿಗೆ ಹೋಗಿ ಸಂಪಾದಕಿ ಡೆನೀಸಳ ಮೇಜಿನ ಮೇಲೆ ಪುಸ್ತಕವನ್ನು ಕುಕ್ಕಿದ. "ಇದನ್ನ ನಾನು ಬರೀತೀನಿ. ಪೂರ್ತಿ ಪುಟ ಬೇಕು."

ಡೆನೀಸ್ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಅವನ ಸಿಟ್ಟಿಗೆ ಹೆದರದ ಒಬ್ಬಳೇ ಹೆಂಗಸು ಆ ಕಚೇರಿಯಲ್ಲಿ. ಗುರುತು ಹಾಕಿದ್ದ ಪುಟವನ್ನು ಓದಿ, "ರೇ, ನೀವು ಈ ಪುಸ್ತಕದ ಒಳಗೇ ಇದ್ದೀರಲ್ರೀ," ಎಂದಳು.

"ಅದಕ್ಕೇ ಬರೀತೀನಿ ಅಂದಿದ್ದು."

"ಅದಕ್ಕೇ ಬರೆಯೋ ಹಾಗಿಲ್ಲ. ಪರಿಚಯದವರ ಪುಸ್ತಕ ಮುಟ್ಟಬಾರದು ಅಂತ ನಂಗೆ ಪಾಠ ಹೇಳಿದೋರು ಯಾರು? ನೀವೇ. ನೆನಪಿದೆಯಾ?"

"ಇದು ಬೇರೆ."

"ಎಲ್ಲರೂ ಹಾಗೇ ಅಂತಾರೆ. ನೋಡಿ, ಇದು ತಿದ್ದದ ಪ್ರತಿ. ಅಚ್ಚಿಗೆ ಹೋಗೋಕೆ ಇನ್ನೂ ಹತ್ತು ದಿನ ಇದೆ. ಅವರ ಹತ್ರಾನೇ ಹೋಗಿ ಹೇಳಿ, ತಿದ್ದಿಸ್ಲಿ. ನೀವು ಬರೆದ್ರೆ ಸೇಡು ಅಂತಾರೆ. ಅವರೇ ತಿದ್ದಿದ್ರೆ ಸತ್ಯ ಆಗುತ್ತೆ."

ಅವಳ ಮಾತು ಸರಿಯಾಗಿತ್ತು. ಅದೇ ಅವನಿಗೆ ಸಹಿಸಲಾಗದ್ದು.

ಡಿಸೆಂಬರಿನ ಮೊದಲ ಭಾನುವಾರ ಸಂಗೀತ ಕಛೇರಿಗೆ ಎರಡು ಗಂಟೆ ಮೊದಲೇ ಅವನು ಚರ್ಚಿನ ಹಿಂದಿನ ಕೋಣೆಗೆ ಹೋದ. ಮಾರ್ಗೋ ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಕೂತಿದ್ದಳು. ಎಪ್ಪತ್ತಾರು ವರ್ಷ. ಚಳಿಗಾಲದಲ್ಲಿ ಅವಳ ಬೆರಳ ಗಂಟುಗಳು ಊದಿಕೊಳ್ಳುತ್ತಿದ್ದವು. ಅಂದಿನ ಕೃತಿಯೂ ಅದೇ, ಆ ಮೂರು ವಾದ್ಯದ್ದು. ಹೊಸ ಪಿಟೀಲು ವಾದಕಿ ಗ್ರೇಟಾ ಹಿಂದೆ ಹೋಗಿ ನುಡಿಸಲೇಬೇಕು ಎಂದಿದ್ದಳು, ಮಾರ್ಗೋ ಒಪ್ಪಿದ್ದಳು. ಸ್ವರಲಿಪಿಯ ಹಳೇ ಪುಸ್ತಕ ಮೇಜಿನ ಮೇಲಿತ್ತು.

"ನಿಮ್ಮ ಪುಸ್ತಕ ಬಂತು," ಎಂದ ಕುಬಾಲ.

"ಬಂತಾ! ಹೇಗಿದೆ? ಬೇಡ ಬೇಡ, ಹೇಳ್ಬೇಡ ಕಣೋ. ನಿನ್ನ ಬಾಯಿ ಅಂದ್ರೆ ಭಯ ನಂಗೆ."

"ಇನ್ನೂರ ಹನ್ನೆರಡನೇ ಪುಟ ಸುಳ್ಳು."

ಅವಳು ಕೈ ಒರೆಸಿಕೊಂಡಳು, ಒಂದೊಂದೇ ಬೆರಳನ್ನು, ನಿಧಾನವಾಗಿ. "ಓ, ಅದಾ. ಪ್ರಕಾಶಕರು ಹೇಳಿದ್ರು, ಬರೀ ಚಪ್ಪಾಳೆ ಆದ್ರೆ ಓದೋರಿಗೆ ಬೇಜಾರು, ಒಂದು ಎಡವಟ್ಟು ಇರಲಿ ಅಂತ. ಜನ ನಗ್ತಾರೆ ಅಷ್ಟೇ ರೇ."

"ಎಡವಟ್ಟು ನಿಮ್ಮದೇ ಇತ್ತಲ್ಲ. ಅದನ್ನೇ ಬರೀಬಹುದಿತ್ತು."

"ನನ್ನದು ಅಂತ ಯಾರು ಹೇಳಿದ್ದು? ನನಗೆ ಹಾಗೆ ನೆನಪಿಲ್ಲ."

ಕುಬಾಲ ಸ್ವರಲಿಪಿಯನ್ನು ತೆಗೆದುಕೊಂಡು ಆ ಪುಟ ಬಿಡಿಸಿದ. ಹದಿನಾಲ್ಕು ವರ್ಷದ ಹಿಂದೆ ಅಭ್ಯಾಸದ ದಿನ ಅವಳೇ ಅಲ್ಲಿ ನೀಲಿ ಪೆನ್ಸಿಲಿನಲ್ಲಿ ದಪ್ಪಗೆ ಬರೆದಿದ್ದಳು, ಅವನ ಕಣ್ಣೆದುರೇ. ಅದನ್ನು ಅವಳ ಮುಖಕ್ಕೆ ಹಿಡಿಯಬೇಕೆಂದು ವಾರವಿಡೀ ಕಾದಿದ್ದ. ಪುಟದಲ್ಲಿ ಏನೂ ಇರಲಿಲ್ಲ. ಚುಕ್ಕೆಗಳ ಮೇಲಿನ ಜಾಗ ಬೆಳ್ಳಗಿತ್ತು, ಉಳಿದ ಕಾಗದಕ್ಕಿಂತ ಸ್ವಲ್ಪ ಹೆಚ್ಚೇ ಬೆಳ್ಳಗೆ. ಅವನು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಪೆನ್ಸಿಲು ಒತ್ತಿದ ಗೆರೆ ಕಾಗದದಲ್ಲಿ ಇನ್ನೂ ಇತ್ತು. 'ಮತ್ತೆ! ರೇ, ಎರಡು ಹಾಳೆ ಹಿಂದಕ್ಕೆ.'

ಅಲ್ಲಿಯವರೆಗೆ ಅವಳು ನಿಜವಾಗಿಯೂ ಮರೆತಿರಬಹುದು ಎಂಬ ಒಂದು ಸಣ್ಣ ಅನುಮಾನ ಅವನಲ್ಲಿತ್ತು. ಈಗ ಅದೂ ಹೋಯಿತು. ಕೂತು, ರಬ್ಬರು ತೆಗೆದುಕೊಂಡು, ಉಜ್ಜಿದ್ದಾಳೆ!

"ಯಾವಾಗ ಉಜ್ಜಿದ್ರಿ ಇದನ್ನ?"

ಮಾರ್ಗೋ ಕಿಟಕಿಯ ಕಡೆ ನೋಡಿದಳು. ಅವಳ ದನಿ ಬದಲಾಯಿತು. "ನನಗೇನಿದೆ ಹೇಳು. ನಿನ್ನ ಹೆಸರು ವಾರ ವಾರ ಪೇಪರಿನಲ್ಲಿ ಬರುತ್ತೆ. ನನಗಿರೋದು ಇದೊಂದೇ, ಮಾರ್ಗೋ ಹೆನ್‌ಶಾ ಎಲ್ಲೂ ತಪ್ಪಲಿಲ್ಲ ಅನ್ನೋದು. ಅದನ್ನೂ ಕಿತ್ಕೋತೀಯಾ?"

"ಕಿತ್ಕೊಂಡಿದ್ದು ನಾನಾ? ಒಂದು ಸ್ವರಾನೂ ಓದಕ್ಕೆ ಬರಲ್ಲ ಅಂತ ಬರೆದಿದ್ದೀರಿ. ಈ ಕೈ ನೋಡ್ಕೊಂಡೇ ಬರೆದಿದ್ದೀರಿ."

"ಕೃತಜ್ಞತೆ ಪುಟದಲ್ಲಿ ನಿನ್ನ ಹೆಸರು ಸೇರಿಸ್ತೀನಿ. ಆಯ್ತಾ?"

"ನನಗೆ ಕೃತಜ್ಞತೆ ಬೇಡ. ಆ ಪುಟ ತಿದ್ದಿ. ಶುಕ್ರವಾರದ ಒಳಗೆ."

"ಇಲ್ಲಾಂದ್ರೆ?"

ಕುಬಾಲ ಸ್ವರಲಿಪಿಯನ್ನು ಮುಚ್ಚಿ ಮೇಜಿನ ಮೇಲಿಟ್ಟ. "ಮೂವತ್ತೊಂದು ವರ್ಷ ಆ ಜಾಗದಲ್ಲಿ ಕೂತಿದ್ದೀಯ ರೇ," ಎಂದಳು ಮೆಲ್ಲಗೆ. "ಈ ಊರಲ್ಲಿ ಇನ್ಯಾರಿಗೂ ಸಿಗದ ಜಾಗ. ಅದಕ್ಕೋಸ್ಕರ ಇಷ್ಟು ಸಹಿಸೋಕಾಗಲ್ವಾ ನಿನಗೆ?"

ಬಾಗಿಲು ತೆರೆದು ಚೆಲ್ಲೋದ ಓರ್ವಿಲ್ ಕಾಲಿನ ಹಿಮ ಕೊಡವುತ್ತ ಒಳಬಂದ. ಅವನ ಹಿಂದೆ ಗ್ರೇಟಾ. ಮಾತು ಅಲ್ಲಿಗೇ ನಿಂತಿತು.

ಮೂರು ಗಂಟೆಗೆ ಕಛೇರಿ ಆರಂಭವಾಯಿತು. ಕುಬಾಲ ತನ್ನ ಸ್ಟೂಲಿನ ಮೇಲೆ ಕೂತಿದ್ದ. ಈ ಹೆಂಗಸಿನ ಪುಟ ನಾನ್ಯಾಕೆ ಮಗುಚಬೇಕು, ಎದ್ದು ಹೋಗಿಬಿಡಲೇ ಎಂದುಕೊಂಡ. ಆಗ ಚೆಲ್ಲೋ ತನ್ನ ಮೊದಲ ಸಾಲನ್ನು ಎತ್ತಿಕೊಂಡಿತು. ಅದರ ಕೆಳಗೆ ಮಾರ್ಗೋಳ ಊದಿದ ಬೆರಳುಗಳು ಮೆತ್ತಗೆ ಬಂದು ಸೇರಿದವು. ಹಾಳಾದ್ದು, ಅವಳು ಚೆನ್ನಾಗಿ ನುಡಿಸುತ್ತಿದ್ದಳು! ಎಷ್ಟು ಚೆನ್ನಾಗಿ ಎಂದರೆ ಅವನ ಸಿಟ್ಟು ಇದ್ದಲ್ಲೇ ಇದ್ದರೂ ಕಣ್ಣು ಮಂಜಾಯಿತು. ಒಂದೇ ಎದೆಯಲ್ಲಿ ಎರಡೂ ಇರುವುದು ಅವನಿಗೆ ಅವಮಾನವೆನಿಸಿತು. ಎದ್ದ, ಮೂಲೆ ಹಿಡಿದ, ಮಗುಚಿದ, ಕೂತ.

ಚುಕ್ಕೆಗಳು ಬಂದವು. ಅವನು ಮೊದಲೇ ಎದ್ದು ನಿಂತಿದ್ದ. ಎರಡು ಹಾಳೆ ಹಿಂದಕ್ಕೆ ಹೋದವು. ಮಾರ್ಗೋಳ ಕಣ್ಣು ಪುಟದ ಮೇಲಿರಲಿಲ್ಲ, ಕೈಗಳ ಮೇಲಿತ್ತು. ಬಲಗೈ ಮುಂದಿನ ಭಾಗದ ಮೊದಲ ಸ್ವರಕ್ಕೆ ಚಾಚುತ್ತಿರುವುದನ್ನು ಅವನು ಕಂಡ. ಹದಿನಾಲ್ಕು ವರ್ಷದ ಹಿಂದಿನದೇ ಚಾಚು. ಬಿಡು, ಹೋಗಲಿ, ಊರೆಲ್ಲ ನೋಡಲಿ ಎಂದಿತು ಮನಸ್ಸು. ಇನ್ನು ಅರ್ಧ ಉಸಿರಿನಷ್ಟು ಹೊತ್ತಿತ್ತು. ಬಿಟ್ಟಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಅದರ ಜೊತೆಗೆ ಆ ಸಂಗೀತವೂ ಹಾಳಾಗುತ್ತಿತ್ತು.

"ಹಿಂದಕ್ಕೆ," ಎಂದ, ಅವಳ ಕಿವಿಗೆ ಮಾತ್ರ ಕೇಳುವಂತೆ.

ಅವಳ ಕೈ ಗಾಳಿಯಲ್ಲೇ ತಿರುಗಿ ಮೊದಲ ಸ್ವರದ ಮೇಲೆ ಬಿತ್ತು. ಯಾರಿಗೂ ಏನೂ ತಿಳಿಯಲಿಲ್ಲ. ಕೊನೆಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಮೂವರೂ ಬಾಗಿದರು. ಕುಬಾಲ ರೂಢಿಯಂತೆ ಪಿಯಾನೋದ ಹಿಂದಿನ ನೆರಳಿನಲ್ಲಿ ಸ್ವರಲಿಪಿ ಹಿಡಿದು ನಿಂತಿದ್ದ.

ಹಿಂದಿನ ಕೋಣೆಯಲ್ಲಿ ಕುಕ್ಕೀಸಿನ ತಟ್ಟೆ ತೆರೆದಿತ್ತು. ಕಛೇರಿ ನಡೆಸುವ ಸಮಿತಿಯ ನಾಲ್ಕೈದು ಜನ ಬಂದು ಕೈ ಕುಲುಕುತ್ತಿದ್ದರು. ಮಾರ್ಗೋಳ ಮುಖ ಕೆಂಪೇರಿ ಹೊಳೆಯುತ್ತಿತ್ತು. ಕುಬಾಲ ಬಂದದ್ದನ್ನು ಕಂಡು ಅವನ ಭುಜ ತಟ್ಟಿ ಎಲ್ಲರಿಗೂ ಕೇಳುವಂತೆ ಹೇಳಿದಳು, "ನೋಡ್ರಪ್ಪ, ಈ ಸಲ ನಮ್ಮ ರೇ ನಿದ್ದೆ ಮಾಡ್ಲಿಲ್ಲ!"

ಎಲ್ಲರೂ ನಕ್ಕರು.

"ಎರಡು ಸಲವೂ ಮರೆತಿದ್ದು ನೀನು," ಎಂದ ಕುಬಾಲ.

ಮೂವತ್ತೊಂದು ವರ್ಷದಲ್ಲಿ ಅವನು ಅವಳನ್ನು 'ನೀನು' ಎಂದಿರಲಿಲ್ಲ. ಆ ಕೋಣೆಯಲ್ಲಿ ಅವನು ದನಿ ಎತ್ತಿದ್ದನ್ನೂ ಯಾರೂ ಕೇಳಿರಲಿಲ್ಲ.

"ಆವತ್ತೂ ನೀನೇ ಮರೆತೆ, ಇವತ್ತೂ ನೀನೇ ಮರೆತೆ. ಇವತ್ತು ನಾನು ಹೇಳ್ಕೊಟ್ಟೆ, ಆವತ್ತು ಹೇಳ್ಕೊಡಲಿಲ್ಲ. ವ್ಯತ್ಯಾಸ ಅಷ್ಟೇ. ಆವತ್ತಿನ ಗುರುತನ್ನ ರಬ್ಬರು ಹಾಕಿ ಉಜ್ಜಿ, ಸುಳ್ಳನ್ನ ಪುಸ್ತಕ ಮಾಡಿ ಮಾರೋಕೆ ಹೊರಟಿದ್ದೀಯ. ಓರ್ವಿಲ್, ನೀನಿದ್ದೆ ಆವತ್ತು. ನೀನೂ ಹಿಂದಕ್ಕೇ ಹೋದೆ. ಹೇಳು."

ಓರ್ವಿಲ್ ಚೆಲ್ಲೋದ ಕಮಾನಿನ ತಿರುಪನ್ನು ಸಡಿಲಿಸುತ್ತಿದ್ದ. ಸಡಿಲಿಸಿ ಆಗಿತ್ತು, ಆದರೂ ತಿರುಗಿಸುತ್ತಲೇ ಇದ್ದ. "ತುಂಬಾ ಹಿಂದಿನ ಮಾತು ರೇ," ಎಂದ ತಲೆಯೆತ್ತದೆ.

"ಥೂ," ಎಂದ ಕುಬಾಲ.

ಗ್ರೇಟಾ ಕೈಯಲ್ಲಿದ್ದ ಕುಕ್ಕಿಯನ್ನು ತಿನ್ನಲೂ ಆಗದೆ ಇಡಲೂ ಆಗದೆ ನಿಂತಿದ್ದಳು. ಮಾರ್ಗೋ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. ಆಮೇಲೆ ಕೈ ಚಾಚಿದಳು.

"ಸ್ವರಲಿಪಿ ಕೊಡು," ಎಂದಳು. "ಮುಂದಿನ ತಿಂಗಳಿಗೆ ಬೇರೆಯವರನ್ನ ನೋಡ್ಕೋತೀನಿ."

ಮನೆಗೆ ಬಂದು ಹೇಳಿದಾಗ ಲೋಯಿಸ್ ತಟ್ಟೆ ತೊಳೆಯುವುದನ್ನು ನಿಲ್ಲಿಸಿದಳು. "ಒಳ್ಳೇದಾಯ್ತು ಬಿಡು," ಎಂದಳು. ಆಮೇಲೆ ಅವನ ಮುಖ ನೋಡಿ, "ಒಳ್ಳೇದಾಗಲಿಲ್ಲ, ಅಲ್ವಾ?" ಎಂದಳು. ಆ ಚಳಿಗಾಲದಲ್ಲಿ ಅವನ ಕೈಗೆ ಸಿಕ್ಕ ಪುಸ್ತಕಗಳ ಪಾಡು ಕೇಳಬೇಡಿ. ಒಬ್ಬ ಕಾದಂಬರಿಕಾರನಂತೂ ಫೋನು ಮಾಡಿ ಅತ್ತನೆಂದು ಡೆನೀಸ್ ಹೇಳಿದಳು. ಅಳಲಿ ಎಂದ ಕುಬಾಲ. ಜನವರಿ, ಫೆಬ್ರವರಿ, ಮಾರ್ಚಿನ ಮೊದಲ ಭಾನುವಾರಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅವನು ಮನೆಯ ಮುಂದಿನ ಮೆಟ್ಟಿಲುಗಳ ಹಿಮವನ್ನು ಸಲಿಕೆಯಲ್ಲಿ ಕೆರೆದ, ಹಿಮ ಇಲ್ಲದ ದಿನವೂ.

ಏಪ್ರಿಲಿನಲ್ಲಿ ಪುಸ್ತಕ ಬಿಡುಗಡೆಯಾಯಿತು. ಅದೇ ಚರ್ಚಿನಲ್ಲಿ, ಭಾನುವಾರದ ಕಛೇರಿಯ ಜೊತೆಗೆ. ಹೋಗುವುದಿಲ್ಲವೆಂದಿದ್ದ ಕುಬಾಲ ಎರಡೂವರೆಗೆ ಕೋಟು ಹಾಕಿಕೊಂಡ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಬಾಗಿಲಲ್ಲಿ ಟಿಕೆಟ್ ಕೊಂಡ. ಹಜಾರದ ಮೇಜಿನ ಮೇಲೆ ಪುಸ್ತಕಗಳನ್ನು ಪೇರಿಸಿಟ್ಟಿದ್ದರು. ಒಂದನ್ನು ಎತ್ತಿ ಇನ್ನೂರ ಹನ್ನೆರಡನೇ ಪುಟ ತೆಗೆದ.

ಆ ಭಾನುವಾರ ಅಲ್ಲಿರಲಿಲ್ಲ. ಸುಳ್ಳೂ ಇರಲಿಲ್ಲ, ನಿಜವೂ ಇರಲಿಲ್ಲ. ಆ ಜಾಗದಲ್ಲಿ ವಿಯೆನ್ನಾದ ಯಾವುದೋ ಹೋಟೆಲಿನ ಕೆಟ್ಟ ಹಾಸಿಗೆಯ ವರ್ಣನೆಯಿತ್ತು. ಅವನು ಹಿಂದೆ ಮುಂದೆ ಹಾಳೆ ತಿರುಗಿಸಿದ. ಕೊನೆಗೆ, ಪುಸ್ತಕದ ಹಿಂದೆ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಕೊಡುವ ಹೆಸರುಗಳ ಪಟ್ಟಿಯನ್ನು ನೋಡಿದ. ಕ್ರೌಸ್ ಆದಮೇಲೆ ನೇರವಾಗಿ ಕುನ್ ಬರುತ್ತಿತ್ತು. ನಡುವೆ ಕುಬಾಲ ಇರಲಿಲ್ಲ. ಕೃತಜ್ಞತೆಗಳಲ್ಲಿ ಪಿಯಾನೋ ಶ್ರುತಿ ಮಾಡುವವನಿದ್ದ, ಚರ್ಚಿನ ಬೀಗ ತೆಗೆಯುವವನಿದ್ದ. ಅವಳು ತಿದ್ದಿದ್ದಳು, ಅವನು ಕೇಳಿದಂತೆಯೇ, ಶುಕ್ರವಾರದ ಒಳಗೆ. ಮೂವತ್ತೊಂದು ವರ್ಷವನ್ನು ತೆಗೆದುಹಾಕಿ ತಿದ್ದಿದ್ದಳು.

"ತಗೋತೀರಾ ಸರ್? ಕಛೇರಿ ಆದ್ಮೇಲೆ ಸಹಿ ಹಾಕಿ ಕೊಡ್ತಾರೆ," ಎಂದಳು ಮೇಜಿನ ಹಿಂದಿದ್ದ ಹೆಂಗಸು.

"ಬೇಡ," ಎಂದ ಕುಬಾಲ. ಪುಸ್ತಕವನ್ನು ಅಲ್ಲೇ ಇಟ್ಟು ಒಳಗೆ ನಡೆದ.

ಏಳನೇ ಸಾಲಿನಲ್ಲಿ ಜಾಗ ಸಿಕ್ಕಿತು. ಅಲ್ಲಿಂದ ಮಾರ್ಗೋಳ ಬೆನ್ನು ಮಾತ್ರ ಕಾಣುತ್ತಿತ್ತು, ಕೈಗಳು ಕಾಣುತ್ತಿರಲಿಲ್ಲ. ಸ್ಟೂಲಿನ ಮೇಲೆ ಸಮಿತಿಯ ಒಬ್ಬ ನಿವೃತ್ತ ದಂತವೈದ್ಯ ಕೂತು ತಲೆಯಾಡಿಸಿ ತಾಳ ಹಾಕುತ್ತಿದ್ದ. ಕುಬಾಲ ಅವನನ್ನು ದ್ವೇಷಿಸಿದ, ಅವಳನ್ನು ದ್ವೇಷಿಸಿದ, ಪಕ್ಕದಲ್ಲಿ ಕೂತು ಚೂಯಿಂಗ್ ಗಮ್ ಅಗಿಯುತ್ತಿದ್ದವನನ್ನೂ ದ್ವೇಷಿಸಿದ. ಆಮೇಲೆ ನುಡಿಸಲು ಶುರುಮಾಡಿದರು. ಅವನಿಗೆ ಬಾಯಿಪಾಠವಾಗಿದ್ದ ಕೃತಿ. ಸಾಲುಗಳು ಒಂದೊಂದಾಗಿ ಅವನ ಕಣ್ಣೊಳಗೆ ಬಂದು ಹೋಗತೊಡಗಿದವು, ಸ್ವರ ಸ್ವರವಾಗಿ.

ಹಿಂದಿನಿಂದ ಯಾರೋ ಅವನ ಕೋಟು ಎಳೆದರು. "ಕೂತ್ಕೊಳ್ರೀ ಸ್ವಾಮಿ! ಹಿಂದಿನವರಿಗೆ ಏನೂ ಕಾಣ್ತಿಲ್ಲ."

ಆಗಲೇ ತಾನು ಎದ್ದು ನಿಂತಿರುವುದು ಕುಬಾಲನಿಗೆ ಗೊತ್ತಾದದ್ದು. ಎಡಗೈ ಮುಂದಕ್ಕೆ ಚಾಚಿತ್ತು. ಹೆಬ್ಬೆರಳೂ ತೋರುಬೆರಳೂ ಗಾಳಿಯಲ್ಲಿ ಏನನ್ನೋ ಹಿಡಿದುಕೊಂಡಿದ್ದವು. ವೇದಿಕೆಯ ಮೇಲೆ ದಂತವೈದ್ಯ ಇನ್ನೂ ಕೂತೇ ಇದ್ದ. ಆಮೇಲೆ ಗಡಬಡಿಸಿ ಎದ್ದು, ಒಂದು ಗಳಿಗೆ ತಡವಾಗಿ, ಹಾಳೆ ಮಗುಚಿದ.

ಕುಬಾಲ ಕೂತ. ಎಡಗೈಯನ್ನು ತೊಡೆಯ ಕೆಳಗೆ ತುರುಕಿ, ಕೃತಿ ಮುಗಿಯುವವರೆಗೂ ಅದರ ಮೇಲೆ ಭಾರ ಬಿಟ್ಟು ಕೂತಿದ್ದ.